ಅಟ್ಟದ ಮೇಲಿನ ಏರ್ ಹ್ಯಾಂಡ್ಲರ್ ತಾನೇ ನಿಂತು ತಾನೇ ಓಡುತ್ತಿದ್ದರೆ: ದೋಷ ಹುಡುಕುವ ದಾರಿ

2023ರ ಜುಲೈ. ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಮನೆ. ಮಧ್ಯಾಹ್ನ ಮೂರು ಗಂಟೆಗೆ ಎಸಿಯ ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟಾಟ್‌ನ ಪರದೆ ಕಪ್ಪಾಯಿತು. ಹೊರಗೆ 104 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 40 ಸೆಲ್ಸಿಯಸ್. ಅಪ್ಪ ಅಮ್ಮ ಊರಿಂದ ಬಂದು ಎರಡು ವಾರ ಆಗಿತ್ತು. ನೋಡನೋಡುತ್ತಾ ಮನೆಯೊಳಗೆ 84 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿತು. ನಾನು ಎಸಿ ಕಂಪನಿಗೆ ಫೋನ್ ಮಾಡಿ ಕಾಯುತ್ತಿದ್ದಾಗ ಪರದೆ ತಾನೇ ಹೊತ್ತಿಕೊಂಡಿತು, ತಣ್ಣನೆ ಗಾಳಿ ಬಂತು. ಮರುದಿನ ಮತ್ತೆ ಅದೇ ಕಥೆ.

ಮೂರನೇ ದಿನ ಬಂದವರು ನೋಡುವಾಗ ಎಲ್ಲ ಸರಿಯಾಗಿ ಓಡುತ್ತಿತ್ತು. ಥರ್ಮೋಸ್ಟಾಟ್ ಹೋಗಿದೆ ಎಂದು ಹೊಸದು ಹಾಕಿದರು. ನಾಲ್ಕು ದಿನಕ್ಕೆ ಮತ್ತೆ ಕಪ್ಪು. ಬೇರೆಯವರನ್ನು ಕರೆಸಿದೆವು. ಅವರು ಕಂಟ್ರೋಲ್ ಬೋರ್ಡ್ ಬದಲಾಯಿಸಿದರು. ವಾರ ಕಳೆಯುವಷ್ಟರಲ್ಲಿ ಮತ್ತೆ ನಿಂತಿತು. ಇನ್ನೊಬ್ಬರು ಮೆಷಿನ್ನೇ ಬದಲಾಯಿಸಿ ಅಂದರು. ಕೂರಿಸಿ ಆಗ ಒಂದೂವರೆ ವರ್ಷವೂ ಆಗಿರಲಿಲ್ಲ.

ಮೂಲ ಹಿಡಿದದ್ದು ನಮ್ಮಪ್ಪ. ಅವರಿಗೆ ಎಸಿ ಗೊತ್ತಿಲ್ಲ, ಪಂಪ್‌ಸೆಟ್ ಗೊತ್ತು. ಚಿತ್ರದುರ್ಗದ ಕಡೆ ನಲವತ್ತು ವರ್ಷ ಬಾವಿ ನೀರೆತ್ತಿ ಬೇಸಾಯ ಮಾಡಿದವರು. ಮಹಡಿಯ ಕೋಣೆಯಲ್ಲಿ ಮಲಗುತ್ತಿದ್ದರು. ಒಂದು ಬೆಳಿಗ್ಗೆ ಕರೆದು ಹೇಳಿದರು: "ಬಾತ್‌ರೂಮಿನ ಬೇಸಿನ್ನು ಗುಳುಗುಳು ಅಂತಿದೆ ಕಣಮ್ಮ. ನಿಮ್ಮ ಎಸಿ ಓಡುವಾಗ ಮಾತ್ರ. ಎಲ್ಲೋ ಪೈಪು ಗಾಳಿ ಎಳೀತಿದೆ ನೋಡು."

ಆ ಒಂದು ಮಾತು ಎಲ್ಲವನ್ನೂ ಬಿಡಿಸಿತು. ಹೇಗೆ ಅಂತ ಮುಂದೆ ಹೇಳುತ್ತೇನೆ. ಇದೇ ತೊಂದರೆ ನಮ್ಮ ಗುರುತಿನ ಎಷ್ಟೋ ಕನ್ನಡದ ಮನೆಗಳಲ್ಲಿ ಆಗಿದೆ. ಮೆಷಿನ್ ಕೆಡದೆ ಮೆಷಿನ್ ಬದಲಾಯಿಸಿದವರೂ ಇದ್ದಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆ ಪೆಟ್ಟಿಗೆಯಲ್ಲಿ ಏನಿದೆ

ಅಮೆರಿಕದ ಸೆಂಟ್ರಲ್ ಎಸಿ ಎರಡು ಭಾಗ. ಹೊರಗಡೆ ಕಂಪ್ರೆಸರ್ ಇರುವ ಯೂನಿಟ್. ಒಳಗೆ, ಟೆಕ್ಸಸ್‌ನಲ್ಲಾದರೆ ಸಾಮಾನ್ಯವಾಗಿ ಅಟ್ಟದ ಮೇಲೆ, ಏರ್ ಹ್ಯಾಂಡ್ಲರ್. ಮನೆಯ ಗಾಳಿ ಫಿಲ್ಟರ್ ದಾಟಿ ಒಳಗೆ ಬರುತ್ತದೆ. ತಂಪು ಮಾಡುವ ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ, ಅಂದರೆ ತಣ್ಣನೆ ಕಾಯಿಲ್ ಮೇಲೆ ಹಾಯುತ್ತದೆ. ಬ್ಲೋವರ್ ಎಂಬ ಫ್ಯಾನ್ ಅದನ್ನು ಎಳೆದು ಕೋಣೆಗಳಿಗೆ ಹೋಗುವ ಡಕ್ಟ್‌ಗಳಿಗೆ ತಳ್ಳುತ್ತದೆ. ಚಳಿಗಾಲಕ್ಕೆಂದು ಒಳಗೆ ಹೀಟರ್ ತಂತಿಗಳೂ ಇರುತ್ತವೆ. ನಮ್ಮದು 3 ಟನ್ ಮೆಷಿನ್, 10 ಕಿಲೋವ್ಯಾಟ್ ಹೀಟರ್.

ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು ಶಾಖ ಹೊರಹಾಕುವ ಶಕ್ತಿ. ಪ್ರತಿ ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಮೊದಲು ಕಾಯಿಲ್ ಕಷ್ಟಪಡುತ್ತದೆ, ಆಮೇಲೆ ನೀರು ದಾರಿ ತಪ್ಪುತ್ತದೆ. ಈ ಪೆಟ್ಟಿಗೆಯಲ್ಲಿ ಗಾಳಿ ಮತ್ತು ನೀರು ಬೇರೆ ಬೇರೆ ವಿಷಯವಲ್ಲ.

ನೀರು ಎಲ್ಲಿಂದ ಬಂತು? ತಣ್ಣನೆ ತಂಬಿಗೆಯ ಹೊರಗೆ ಹನಿ ಕಟ್ಟುತ್ತದಲ್ವಾ, ಹಾಗೇ. ಸೆಕೆ ಮತ್ತು ತೇವ ಜಾಸ್ತಿ ಇರುವ ದಿನ ಮನೆಯ ಎಸಿ 5ರಿಂದ 20 ಗ್ಯಾಲನ್ ನೀರು ಇಳಿಸಬಹುದು. ಲೀಟರಿನಲ್ಲಿ ಸುಮಾರು 19ರಿಂದ 75. ಇಷ್ಟೂ ನೀರು ನಿಮ್ಮ ಮಲಗುವ ಕೋಣೆಯ ಸೀಲಿಂಗ್ ಮೇಲೆ ಹುಟ್ಟುತ್ತದೆ. ಅದು ಮುಕ್ಕಾಲು ಇಂಚಿನ ಒಂದು ಪಿವಿಸಿ ಪೈಪಿನಲ್ಲಿ, ತನ್ನ ತೂಕದಿಂದಲೇ ಹೊರಗೆ ಹೋಗಬೇಕು.

ಮುಚ್ಚಳ ತೆಗೆಯುವ ಮುಂಚೆ

ಇದನ್ನು ಓದದೆ ಮುಂದೆ ಹೋಗಬೇಡಿ.

ಇಲ್ಲಿ ಎರಡು ಬಗೆಯ ಕರೆಂಟ್ ಇದೆ. ಬ್ಲೋವರ್ ಮತ್ತು ಹೀಟರ್‌ಗೆ 240 ವೋಲ್ಟ್. ಥರ್ಮೋಸ್ಟಾಟ್‌ಗೆ 24 ವೋಲ್ಟ್. 240 ಅಂದರೆ ಎರಡು ತಂತಿಗಳಲ್ಲೂ ಕರೆಂಟ್ ಇದೆ, ಒಂದೊಂದರಲ್ಲಿ ಭೂಮಿಗೆ 120 ವೋಲ್ಟ್. ಒಂದು ಕಡಿದುಹೋಗಿ ಮೆಷಿನ್ ಸತ್ತಂತೆ ಕಂಡರೂ ಇನ್ನೊಂದರಲ್ಲಿ ಜೀವ ಇರುತ್ತದೆ. ನಮ್ಮ ಊರಿನ ವೈರಿಂಗ್ ನೋಡಿ ಬೆಳೆದವರಿಗೆ ಇದು ಹೊಸದು. ದಯವಿಟ್ಟು ನೆನಪಿಡಿ.

ಥರ್ಮೋಸ್ಟಾಟ್ ಆಫ್ ಮಾಡಿ. ಪ್ಯಾನಲ್‌ನಲ್ಲಿ ಏರ್ ಹ್ಯಾಂಡ್ಲರ್ ಬ್ರೇಕರ್ ಇಳಿಸಿ, ಹೊರಗಿನ ಯೂನಿಟ್ಟಿನದೂ ಇಳಿಸಿ. ದೊಡ್ಡ ಹೀಟರ್ ಇದ್ದರೆ ಒಂದೇ ಪೆಟ್ಟಿಗೆಗೆ ಎರಡು ಬ್ರೇಕರ್ ಇರಬಹುದು, ಎರಡನ್ನೂ ಇಳಿಸಿ. ಯಾರೂ ಮತ್ತೆ ಹಾಕದಂತೆ ಟೇಪ್ ಅಂಟಿಸಿ, ಮನೆಯವರಿಗೆ ಹೇಳಿ. ಆಮೇಲೆ ಐದು ನಿಮಿಷ ಕಾಯಿರಿ. ಕೆಪಾಸಿಟರ್‌ನಲ್ಲಿ, ಹೊಸ ಬಗೆಯ ಇಸಿಎಂ ಮೋಟರ್‌ನಲ್ಲಿ ಕರೆಂಟ್ ಹೋದ ಮೇಲೂ ಚಾರ್ಜ್ ಉಳಿದಿರುತ್ತದೆ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಒಂದು ಪ್ಲಗ್‌ನಲ್ಲಿ ಪರೀಕ್ಷಿಸಿ. ಅದು ಸರಿ ಇದೆ ಅಂತ ಗೊತ್ತಾದ ಮೇಲೆ ಪೆಟ್ಟಿಗೆಯೊಳಗೆ ಸೊನ್ನೆ ತೋರಿಸುತ್ತದಾ ನೋಡಿ.

ಅಟ್ಟವೂ ಅಪಾಯದ ಜಾಗವೇ. ಟೆಕ್ಸಸ್ ಬೇಸಿಗೆಯಲ್ಲಿ ಅಲ್ಲಿ 130 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಬೆಳಿಗ್ಗೆ ಎಂಟರೊಳಗೆ ಹತ್ತಿ, ಇಳಿದುಬಿಡಿ. ತಲೆ ತಿರುಗಿದರೆ, ಬೆವರು ನಿಂತರೆ ಕೆಲಸ ಅಲ್ಲಿಗೇ ಬಿಡಿ. ಕಾಲಿಡುವುದು ಹಲಗೆ ಅಥವಾ ಮರದ ತೊಲೆಯ ಮೇಲೆ ಮಾತ್ರ. ನಡುವೆ ಇರುವ ಹತ್ತಿಯಂಥ ಇನ್ಸುಲೇಷನ್ ಕೆಳಗೆ ಬರೀ ಜಿಪ್ಸಮ್ ಶೀಟ್ ಇದೆ, ಕಾಲಿಟ್ಟರೆ ಸೀದಾ ಕೆಳಗಿನ ಕೋಣೆಗೆ ಬೀಳುತ್ತೀರಿ. ಮಾಸ್ಕ್ ಹಾಕಿ. ಮನೆಯಲ್ಲಿ ಯಾರಾದರೂ ಇರುವಾಗ ಮಾತ್ರ ಹತ್ತಿ.

ನೀವು ಮಾಡಬಹುದಾದದ್ದು ಫಿಲ್ಟರ್, ನೀರು ಹೋಗುವ ಡ್ರೈನ್, ನೀರು ಏರಿದರೆ ಮೆಷಿನ್ ನಿಲ್ಲಿಸುವ ಫ್ಲೋಟ್ ಸ್ವಿಚ್, 24 ವೋಲ್ಟ್ ಪರೀಕ್ಷೆ. 240 ವೋಲ್ಟ್‌ನ ಭಾಗ ಮತ್ತು ತಂಪು ಮಾಡುವ ಗ್ಯಾಸ್, ಇವೆರಡೂ ಲೈಸೆನ್ಸ್ ಇರುವವರ ಕೆಲಸ. ಗ್ಯಾಸ್ ಮುಟ್ಟಲು ಅಮೆರಿಕದಲ್ಲಿ ಇಪಿಎ ಎಂಬ ಕೇಂದ್ರದ ಪರಿಸರ ಇಲಾಖೆಯ ಸೆಕ್ಷನ್ 608ರ ಸರ್ಟಿಫಿಕೇಟ್ ಬೇಕು. ಟೆಕ್ಸಸ್‌ನಲ್ಲಿ ಎಸಿ ಕಾಂಟ್ರ್ಯಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವುದು ಟಿಡಿಎಲ್‌ಆರ್ ಎಂಬ ರಾಜ್ಯದ ಇಲಾಖೆ. ನಂಬರ್ ಕೇಳುವುದಕ್ಕೆ ಸಂಕೋಚ ಬೇಡ.

ಪರದೆ ಕಪ್ಪಾದರೆ

ಥರ್ಮೋಸ್ಟಾಟ್‌ಗೆ ಬ್ಯಾಟರಿ ಇದ್ದರೆ ಮೊದಲು ಅದನ್ನು ಬದಲಾಯಿಸಿ ನೋಡಿ. ಬ್ಯಾಟರಿ ಇಲ್ಲದ ಬಗೆಯಾದರೆ ಅದಕ್ಕೆ 24 ವೋಲ್ಟ್ ಬರುವುದು ಅಟ್ಟದ ಟ್ರಾನ್ಸ್‌ಫಾರ್ಮರ್‌ನಿಂದ. ಪರದೆ ಕಪ್ಪಾಗಿದೆ ಅಂದರೆ ಆ ದಾರಿಯಲ್ಲಿ ಎಲ್ಲೋ ಕಡಿದಿದೆ. ಥರ್ಮೋಸ್ಟಾಟ್ ಹೋಗಿರುವ ಸಂಭವ ಕಡಿಮೆ. ನಮ್ಮಲ್ಲಿ ಮೊದಲ ತಪ್ಪು ಆದದ್ದೇ ಇಲ್ಲಿ.

ಬ್ರೇಕರ್ ಬಿದ್ದಿದೆಯಾ ನೋಡಿ. ಬಿದ್ದಿರದಿದ್ದರೆ ಅಟ್ಟ ಹತ್ತಿ ಫ್ಲೋಟ್ ಸ್ವಿಚ್ ಹುಡುಕಿ. ಎರಡು ಜಾಗದಲ್ಲಿ ಇರಬಹುದು. ಒಂದು, ಪೆಟ್ಟಿಗೆಯಿಂದ ಬರುವ ಡ್ರೈನ್ ಪೈಪಿಗೇ ಜೋಡಿಸಿರುತ್ತದೆ. ಇನ್ನೊಂದು, ಪೆಟ್ಟಿಗೆಯ ಕೆಳಗಿನ ದೊಡ್ಡ ತಗಡಿನ ತಟ್ಟೆಯ ಅಂಚಿನಲ್ಲಿ. ಎರಡು ಸಣ್ಣ ತಂತಿ ಹೋಗಿರುತ್ತವೆ. ನೀರು ಏರಿದರೆ ಒಳಗಿನ ಬೆಂಡು ಏರಿ 24 ವೋಲ್ಟ್ ಕಡಿಯುತ್ತದೆ. ಸೀಲಿಂಗ್ ಹಾಳಾಗದಿರಲಿ ಅಂತ ಮೆಷಿನ್ ತಾನೇ ನಿಲ್ಲುವ ವ್ಯವಸ್ಥೆ ಇದು.

ಇಲ್ಲೊಂದು ಸೂಕ್ಷ್ಮ ಇದೆ. ಸ್ವಿಚ್ಚನ್ನು ಯಾವ ತಂತಿಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ಲಕ್ಷಣ ಬದಲಾಗುತ್ತದೆ. ಕೆಂಪು ತಂತಿಗೆ, ಅಂದರೆ ಆರ್‌ಗೆ ಕಟ್ಟಿದ್ದರೆ ಪರದೆ ಕಪ್ಪಾಗಿ ಎಲ್ಲ ನಿಲ್ಲುತ್ತದೆ. ಹಳದಿ ತಂತಿಗೆ, ಅಂದರೆ ವೈಗೆ ಕಟ್ಟಿದ್ದರೆ ಪರದೆ ಹೊತ್ತಿರುತ್ತದೆ, ಒಳಗೆ ಗಾಳಿಯೂ ಬರುತ್ತದೆ, ಹೊರಗಿನ ಯೂನಿಟ್ ಮಾತ್ರ ಓಡುವುದಿಲ್ಲ. ಎರಡನೆಯದನ್ನು ನೋಡಿ ಹಲವರು ಕಂಪ್ರೆಸರ್ ಹೋಯಿತು ಅಂದುಕೊಳ್ಳುತ್ತಾರೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫ್ಲೋಟ್ ಸ್ವಿಚ್‌ನ ಎರಡು ತಂತಿ ಸುತ್ತಿಬಿಟ್ಟರೆ ಎಸಿ ಓಡುತ್ತದೆ. ಹಾಗೆ ಮಾಡಬೇಡಿ. ನಮ್ಮ ಸ್ನೇಹಿತರೊಬ್ಬರ ಮನೆಯಲ್ಲಿ ರಿಪೇರಿಗೆ ಬಂದವರು ಹೀಗೆ ಮಾಡಿ ಹೋಗಿದ್ದರು. ಎರಡು ವಾರಕ್ಕೆ ಮಗುವಿನ ಕೋಣೆಯ ಸೀಲಿಂಗ್ ನೆನೆದು ಹಾಸಿಗೆಯ ಮೇಲೆ ಬಿತ್ತು. ಪುಣ್ಯಕ್ಕೆ ಮಗು ಶಾಲೆಗೆ ಹೋಗಿತ್ತು.

ಫ್ಲೋಟ್ ಏರಿಲ್ಲದಿದ್ದರೆ ಬೋರ್ಡ್‌ನ ಫ್ಯೂಸ್ ನೋಡಿ. ಕಾರಿನಲ್ಲಿ ಇರುವಂಥದೇ, ನೇರಳೆ ಬಣ್ಣದ್ದು 3 ಆಂಪಿಯರ್, ಕಂದು ಛಾಯೆಯದು 5. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ, ದೊಡ್ಡದು ಬೇಡ. ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 40 ವಿಎ, ಅದು ಕೊಡಬಲ್ಲದ್ದು ಎರಡು ಆಂಪಿಯರಿಗೂ ಕಡಿಮೆ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಹೊಸ ಫ್ಯೂಸೂ ತಕ್ಷಣ ಸುಟ್ಟರೆ 24 ವೋಲ್ಟ್ ತಂತಿಗಳಲ್ಲಿ ಶಾರ್ಟ್ ಇದೆ. ಹುಲ್ಲು ಕತ್ತರಿಸುವ ಟ್ರಿಮ್ಮರ್ ಹೊರಗಿನ ಯೂನಿಟ್ಟಿನ ಬುಡದಲ್ಲಿ ತಂತಿ ಕೊಯ್ದಿರುವುದು ತುಂಬ ಸಾಮಾನ್ಯ. ಬ್ರೇಕರ್ ಇಳಿಸಿ, ಹೊರಗೆ ಹೋಗುವ ಹಳದಿ ತಂತಿಯನ್ನು ಬೋರ್ಡಿನಿಂದ ಬಿಡಿಸಿ, ಮತ್ತೆ ಹಾಕಿ ನೋಡಿ. ಫ್ಯೂಸ್ ಉಳಿದರೆ ದೋಷ ಹೊರಗಿನ ತಂತಿಯಲ್ಲಿ ಅಥವಾ ಅಲ್ಲಿ ಕಂಪ್ರೆಸರ್ ಹಾಕುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ನಲ್ಲಿ.

ಮೀಟರ್ ಹಿಡಿಯಲು ಬರುವವರಿಗೆ: ಬೋರ್ಡ್‌ನಲ್ಲಿ ಆರ್ ಮತ್ತು ವಾಪಸ್ ತಂತಿಯಾದ ಸಿ ನಡುವೆ 24ರಿಂದ 28 ವೋಲ್ಟ್ ಇರಬೇಕು. ಬೋರ್ಡ್‌ನಲ್ಲಿದ್ದು ಫ್ಲೋಟ್ ದಾಟಿದ ಮೇಲೆ ಇಲ್ಲದಿದ್ದರೆ ಫ್ಲೋಟೇ ಕಡಿದಿದೆ. ಬೋರ್ಡ್‌ನಲ್ಲೂ ಇಲ್ಲ, ಫ್ಯೂಸೂ ಸರಿ ಅಂದರೆ ಟ್ರಾನ್ಸ್‌ಫಾರ್ಮರ್ ಅಥವಾ ಅದಕ್ಕೆ ಬರುವ 240. ಅಲ್ಲಿಗೆ ನಿಲ್ಲಿಸಿ, ಕರೆಸಿ.

ತಾನೇ ಬಂತಾ, ಬರಲಿಲ್ಲವಾ?

ನನಗೆ ಗೊತ್ತಿರುವುದರಲ್ಲಿ ಹೆಚ್ಚು ಬೆಲೆಬಾಳುವ ಪ್ರಶ್ನೆ ಇದೇ. ಬಂದ ಮೂವರು ರಿಪೇರಿಯವರಲ್ಲಿ ಒಬ್ಬರೂ ಇದನ್ನು ಕೇಳಲಿಲ್ಲ.

ಡ್ರೈನ್ ಪೈಪ್ ಕಟ್ಟಿಕೊಂಡಿದ್ದರೆ ನೀರು ಹೋಗಲು ದಾರಿಯೇ ಇಲ್ಲ. ಫ್ಲೋಟ್ ಏರಿದ್ದು ಏರಿಯೇ ಇರುತ್ತದೆ. ನೀವು ಪೈಪ್ ಬಿಡಿಸುವವರೆಗೂ ಎಸಿ ಬರುವುದಿಲ್ಲ. ಆದರೆ ಎಸಿ ನಿಂತು, ಸ್ವಲ್ಪ ಹೊತ್ತಿಗೆ ತಾನೇ ಬರುತ್ತಿದೆ ಅಂದರೆ, ಪೈಪ್ ಪೂರ್ತಿ ಕಟ್ಟಿಲ್ಲ. ಹೆಚ್ಚಾಗಿ, ಬ್ಲೋವರ್ ಓಡುವಾಗ ಮಾತ್ರ ನೀರನ್ನು ಏನೋ ತಡೆಯುತ್ತಿದೆ. ಆ 'ಏನೋ' ಅಂದರೆ ಗಾಳಿ.

ಬ್ಲೋವರ್ ಗಾಳಿಯನ್ನು ಕಾಯಿಲ್ ಮೂಲಕ ಎಳೆಯುತ್ತದೆ. ಹಾಗಾಗಿ ಕಾಯಿಲ್ ಇರುವ ಜಾಗದಲ್ಲಿ ಯಾವಾಗಲೂ ಎಳೆತ. ಡ್ರೈನ್ ಪೈಪ್ ಸುಮ್ನೆ ನೇರವಾಗಿ ಬಿಟ್ಟಿದ್ದರೆ ಅದರ ಮೂಲಕವೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಹೊರಗೆ ಹೋಗಬೇಕಾದ ನೀರಿಗೆ ಎದುರು ಗಾಳಿ. ಈ ಎಳೆತವನ್ನು ಅದು ಎತ್ತಿ ಹಿಡಿಯಬಲ್ಲ ನೀರಿನ ಎತ್ತರದಲ್ಲಿ ಅಳೆಯುತ್ತಾರೆ. ಎಳೆತ ಅರ್ಧ ಇಂಚು ನೀರಿನಷ್ಟಿದ್ದರೆ ಅರ್ಧ ಇಂಚು ನೀರನ್ನು ಅದು ಕಾಯಿಲ್ ಕೆಳಗಿನ ಒಳತಟ್ಟೆಯಲ್ಲೇ ಹಿಡಿದಿಡುತ್ತದೆ. ತಟ್ಟೆಯ ಮುಖ್ಯ ತೂತಿಗಿಂತ ಎರಡನೇ ತೂತು ಸ್ವಲ್ಪವೇ ಮೇಲಿರುತ್ತದೆ. ನಮ್ಮ ಫ್ಲೋಟ್ ಇದ್ದದ್ದು ಅಲ್ಲಿ. ನೀರು ಏರಿತು, ಫ್ಲೋಟ್ ಕಡಿಯಿತು, ಬ್ಲೋವರ್ ನಿಂತಿತು. ಎಳೆತ ಹೋಯಿತು. ನೀರು ದಡದಡ ಇಳಿದುಹೋಯಿತು. ಫ್ಲೋಟ್ ಇಳಿದು ಪರದೆ ಹೊತ್ತಿತು. ರಿಪೇರಿಯವರು ಬರುವಷ್ಟರಲ್ಲಿ ಎಲ್ಲ ಸರಿ.

ಇದನ್ನು ತಡೆಯಲೆಂದೇ ಪೆಟ್ಟಿಗೆಯ ಪಕ್ಕದಲ್ಲಿ ಪೈಪಿಗೆ ಟ್ರ್ಯಾಪ್ ಇರಬೇಕು. ಬೇಸಿನ್ ಕೆಳಗೆ ಇರುತ್ತದಲ್ಲ, ಆ ಬಾಗಿದ ಪೈಪಿನ ಹಾಗೆ. ಬಾಗಿನಲ್ಲಿ ನಿಂತ ನೀರು ಗಾಳಿಗೆ ಬಾಗಿಲು ಮುಚ್ಚುತ್ತದೆ, ಮೇಲಿಂದ ಬಂದ ನೀರನ್ನು ಮಾತ್ರ ಬಿಡುತ್ತದೆ. ನಮ್ಮಲ್ಲಿ ಅದು ಇರಲೇ ಇಲ್ಲ. ಇಲ್ಲಿನ ಎಷ್ಟೋ ಮನೆಗಳ ಹಾಗೆ ನಮ್ಮ ಡ್ರೈನ್ ಪೈಪೂ ಮಹಡಿಯ ಬೇಸಿನ್ ಕೆಳಗಿನ ಪೈಪಿಗೆ, ಅದರ ಬಾಗಿಗಿಂತ ಮೇಲೆ ಸೇರಿತ್ತು. ಮೆಷಿನ್ ಬಾತ್‌ರೂಮಿನ ಗಾಳಿಯನ್ನು ಬೇಸಿನ್ ತೂತಿನಿಂದ ಎಳೆಯುತ್ತಿತ್ತು. ಅಪ್ಪ ಕೇಳಿಸಿಕೊಂಡದ್ದು ಆ ಸದ್ದು. ಬಾವಿಯ ಪಂಪಿನ ಸಕ್ಷನ್ ಪೈಪಿಗೆ ಎಲ್ಲೋ ಸಣ್ಣ ತೂತು ಬಿದ್ದು ಗಾಳಿ ತಗೊಂಡರೆ ನೀರೇ ಬರುವುದಿಲ್ಲ, ಅದು ಅವರಿಗೆ ಗೊತ್ತು.

ಖಾತ್ರಿ ಮಾಡಿಕೊಳ್ಳಲು ಎಸಿ ಓಡುವಾಗ ಬೇಸಿನ್ ತೂತಿನ ಬಳಿ ಊದುಬತ್ತಿ ಹಿಡಿದೆ. ಹೊಗೆ ಮೇಲೆ ಹೋಗಲಿಲ್ಲ, ದಾರದ ಹಾಗೆ ತೂತಿನೊಳಗೆ ಇಳಿಯಿತು. ಥರ್ಮೋಸ್ಟಾಟ್ ಆಫ್ ಮಾಡಿದೆ, ಹೊಗೆ ನೆಟ್ಟಗೆ ಮೇಲೆದ್ದಿತು. ನಿಮ್ಮ ಪೈಪ್ ಹೊರಗಿನ ಗೋಡೆಯಲ್ಲಿ ಕೊನೆಯಾಗಿದ್ದರೆ ಅಲ್ಲಿ ಟಿಶ್ಯೂ ಕಾಗದ ಹಿಡಿದು ನೋಡಿ. ಒಳಗೆ ಎಳೆದುಕೊಂಡರೆ ಟ್ರ್ಯಾಪ್ ಇಲ್ಲ, ಅಥವಾ ಒಣಗಿದೆ. ಚಳಿಗಾಲದಲ್ಲಿ ಅದು ಒಣಗುತ್ತದೆ. ಬೇಸಿಗೆ ಶುರುವಿಗೆ ಒಂದು ಲೋಟ ನೀರು ಹಾಕಿದರೆ ಸಾಕು.

ಆದರೆ ಕೂರಿಸಿದ ಮೊದಲ ಬೇಸಿಗೆ ಯಾಕೆ ತೊಂದರೆ ಬರಲಿಲ್ಲ? ಇದಕ್ಕೆ ಉತ್ತರ ಫಿಲ್ಟರ್. ಮಗಳಿಗೆ ಪರಾಗದ ಅಲರ್ಜಿ. 2023ರ ವಸಂತದಲ್ಲಿ ಮರ್ವ್ 8 ಫಿಲ್ಟರ್ ತೆಗೆದು ಮರ್ವ್ 13 ಹಾಕಿದ್ದೆ, ಅದೇ ಒಂದು ಇಂಚು ದಪ್ಪದ್ದು. ಮರ್ವ್ ಅಂದರೆ ಫಿಲ್ಟರ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ. ಸೂಕ್ಷ್ಮ ಫಿಲ್ಟರ್ ಗಾಳಿಯನ್ನು ಜಾಸ್ತಿ ತಡೆಯುತ್ತದೆ. ಫಿಲ್ಟರ್ ದಾಟಿದ ಮೇಲಿನ ಎಳೆತ ಜಾಸ್ತಿಯಾಗುತ್ತದೆ. ಧೂಳು ತುಂಬಿದಂತೆ ಇನ್ನೂ ಏರುತ್ತದೆ. ಮೊದಲ ವರ್ಷ ನೀರು ಹೇಗೋ ತಪ್ಪಿಸಿಕೊಂಡು ಹೋಗುತ್ತಿತ್ತು. ಎರಡನೇ ವರ್ಷ ಆಗಲಿಲ್ಲ. ನಾಲ್ಕನೆಯದಾಗಿ ಬಂದ ಲೈಸೆನ್ಸಿನವರು ಒತ್ತಡ ಅಳೆದರು. ಮೆಷಿನ್ನಿನ ಚೀಟಿಯಲ್ಲಿ, ಅದೇ ನೀರಿನ ಲೆಕ್ಕದಲ್ಲಿ, 0.5 ಇಂಚು ಎಂದಿದ್ದರೆ ನಮ್ಮಲ್ಲಿ 0.9 ಇತ್ತು. ಅವರು ಟ್ರ್ಯಾಪ್ ಹಾಕಿ, ಇಳಿಜಾರು ಸರಿಮಾಡಿ ಹೋದರು. ನಾನು ಮರ್ವ್ 8ಕ್ಕೆ ಹಿಂದಿರುಗಿದೆ. ಆಮೇಲೆ ನಾಲ್ಕು ಇಂಚಿನ ಫಿಲ್ಟರ್ ಹಿಡಿಯುವ ಪೆಟ್ಟಿಗೆ ಹಾಕಿಸಿ ಮರ್ವ್ 13 ಮತ್ತೆ ತಂದೆವು. ಹಾಳೆಯ ಮಡಿಕೆ ಜಾಸ್ತಿ ಇದ್ದರೆ ಅದೇ ಸೂಕ್ಷ್ಮತೆಗೆ ಗಾಳಿ ಸಲೀಸಾಗಿ ಹೋಗುತ್ತದೆ.

ಪೈಪ್ ನಿಜವಾಗಿಯೂ ಕಟ್ಟಿದ್ದರೆ

ಪೈಪಿನೊಳಗೆ ಪಾಚಿಯಂಥ ಲೋಳೆ ಬೆಳೆಯುತ್ತದೆ. ಹೊರಗಿನ ತುದಿಗೆ ನೀರೂ ಎಳೆಯುವ ವ್ಯಾಕ್ಯೂಮ್ ಇಟ್ಟು, ಸುತ್ತ ಬಟ್ಟೆ ಸುತ್ತಿ, ಎರಡು ಮೂರು ನಿಮಿಷ ಎಳೆಯಿರಿ. ಬೇಸಿನ್ನಿಗೆ ಸೇರಿದ ಪೈಪಾದರೆ ಅಟ್ಟದಲ್ಲಿ ಮುಚ್ಚಳ ಇರುವ ಟಿ ಜಾಯಿಂಟ್‌ನಿಂದ ಎಳೆಯಬಹುದು. ಆಮೇಲೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟು ನೀರು ಹಾಯಿಸಿ. ಬ್ಲೀಚ್ ಹಾಕುವವರಿದ್ದಾರೆ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಎಂದೂ ಸೇರಿಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳ ಹಾಕುವುದು ಮರೆಯಬೇಡಿ. ಟ್ರ್ಯಾಪ್‌ಗಿಂತ ಮುಂಚಿನ ಮುಚ್ಚಳ ತೆರೆದಿದ್ದರೆ ಟ್ರ್ಯಾಪ್ ಇದ್ದೂ ಇಲ್ಲದಂತೆ.

ಕಿಟಕಿಯ ಮೇಲೆ ಒಂದು ಪೈಪಿನ ಮೂತಿ ಚಾಚಿರುವುದನ್ನು ನೋಡಿರಬಹುದು. ಅದು ಎರಡನೇ ಡ್ರೈನ್. ಕಣ್ಣಿಗೆ ಬೀಳಲಿ ಅಂತಲೇ ಕಿಟಕಿಯ ಮೇಲೆ ಬಿಡುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮುಖ್ಯ ಪೈಪ್ ಕೆಲಸ ಮಾಡುತ್ತಿಲ್ಲ. ಅದೇ ದಿನ ನೋಡಿ.

ಕಾಯಿಲ್ ಮಂಜುಗಟ್ಟಿದರೆ

ಗಾಳಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ದಪ್ಪ ತಾಮ್ರದ ಪೈಪಿನ ಮೇಲೆ ಬಿಳಿ ಮಂಜು ಕಾಣುತ್ತದೆ. ತಕ್ಷಣ ಕೂಲಿಂಗ್ ಆಫ್ ಮಾಡಿ, ಫ್ಯಾನ್ ಮಾತ್ರ ಆನ್‌ನಲ್ಲಿಡಿ. ಕರಗಲು ಹಲವು ಗಂಟೆ ಬೇಕು. ಚಾಕು ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಕಾಯಿಲ್ ತೂತಾದರೆ ಗ್ಯಾಸ್ ಹೋಗುತ್ತದೆ. ಕರಗಿದ ನೀರು ಒಮ್ಮೆಲೇ ಬರುವುದರಿಂದ ಕೆಳಗಿನ ತಟ್ಟೆ ನೋಡುತ್ತಿರಿ.

ಕಾರಣ ಹೆಚ್ಚಾಗಿ ಎರಡು ಬಗೆ. ಗಾಳಿ ಕಡಿಮೆ, ಇಲ್ಲವೇ ಗ್ಯಾಸ್ ಕಡಿಮೆ. ಮೊದಲು ಗಾಳಿ ನೋಡಿ. ಫಿಲ್ಟರ್ ಕೊಳೆಯಾಗಿದೆಯಾ, ಬಳಸದ ಕೋಣೆ ಅಂತ ಗಾಳಿಯ ಜಾಲರಿ ಮುಚ್ಚಿದ್ದೀರಾ, ಗಾಳಿ ಮೆಷಿನ್ನಿಗೆ ಮರಳುವ ರಿಟರ್ನ್ ಜಾಲರಿಗೆ ಸೋಫಾ ಅಡ್ಡ ಇದೆಯಾ. ಕರಗಿದ ಮೇಲೆ ಹದಿನೈದು ನಿಮಿಷ ಓಡಿಸಿ, ರಿಟರ್ನ್ ಗಾಳಿಯ ಮತ್ತು ಮೆಷಿನ್ ಹತ್ತಿರದ ಜಾಲರಿಯಿಂದ ಬರುವ ಗಾಳಿಯ ಉಷ್ಣತೆ ಅಳೆಯಿರಿ. ವ್ಯತ್ಯಾಸ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸಾಮಾನ್ಯ. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ಗಾಳಿ ಸಾಲದು. ತುಂಬ ಕಡಿಮೆ ಇದ್ದರೆ ಗ್ಯಾಸ್ ಅಥವಾ ಕಂಪ್ರೆಸರ್ ಕಡೆ ನೋಡಬೇಕು.

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿದೆ. ಪ್ರತಿ ಬೇಸಿಗೆ ಬಂದು ತುಂಬಿಸಿ ಹೋಗುವವರನ್ನು ಸೋರಿಕೆ ಎಲ್ಲಿದೆ ಅಂತ ಕೇಳಿ.

ಉಳಿದ ಕೆಲವು

ಬಿಸಿಗಾಳಿ ಬಂದರೆ ಮೊದಲು ಫ್ಯಾನ್ ಆನ್‌ನಲ್ಲಿದೆಯಾ ಆಟೋದಲ್ಲಿದೆಯಾ ನೋಡಿ. ಆನ್‌ನಲ್ಲಿದ್ದರೆ ಕಂಪ್ರೆಸರ್ ನಿಂತಾಗಲೂ ಗಾಳಿ ಬರುತ್ತದೆ, ಕಾಯಿಲ್ ಮೇಲಿನ ನೀರೂ ಆವಿಯಾಗಿ ಮನೆಯೊಳಗೆ ಮರಳುತ್ತದೆ. ಆಟೋದಲ್ಲಿದ್ದೂ ಬಿಸಿ ಅಂದರೆ ಹೊರಗಿನ ಯೂನಿಟ್ ಓಡುತ್ತಿದೆಯಾ ನೋಡಿ. ಅದೂ ಓಡುತ್ತಿದ್ದು, ಕರೆಂಟ್ ಬಿಲ್ ವಿಪರೀತ ಏರಿದ್ದರೆ ಹೀಟರ್ ಆಫ್ ಆಗದೆ ಅಂಟಿಕೊಂಡಿರಬಹುದು. ಹೀಟರ್ ಹಾಕುವ ಸೀಕ್ವೆನ್ಸರ್ ಎಂಬ ಸ್ವಿಚ್ ಬೆಸೆದುಕೊಂಡರೆ ಹೀಗಾಗುತ್ತದೆ. ಇದು ಬೆಂಕಿಯ ಅಪಾಯ. ಬ್ರೇಕರ್ ಇಳಿಸಿ, ಕರೆಸಿ.

ಬ್ಲೋವರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಹಳೆ ಬಗೆಯ ಮೋಟರ್‌ನಲ್ಲಿ ಸಾಮಾನ್ಯವಾಗಿ ಕೆಪಾಸಿಟರ್. ಒಳಗೆ ಚಾರ್ಜ್ ಇರುವುದರಿಂದ ತಿಳಿದವರೇ ಮುಟ್ಟಲಿ.

ಬ್ರೇಕರ್ ಬಿದ್ದರೆ ಒಮ್ಮೆ ಮಾತ್ರ ಮೇಲೆ ಹಾಕಿ. ಮತ್ತೆ ಬಿದ್ದರೆ ಬಿಟ್ಟುಬಿಡಿ. ಬ್ರೇಕರ್ ಹತ್ತಿರ ಅಥವಾ ಅಟ್ಟದಲ್ಲಿ ಸುಟ್ಟ ವಾಸನೆ ಇದ್ದರೆ ಒಮ್ಮೆಯೂ ಬೇಡ. 10 ಕಿಲೋವ್ಯಾಟ್ ಹೀಟರ್ ಸುಮಾರು 42 ಆಂಪಿಯರ್ ಎಳೆಯುತ್ತದೆ. ತಂತಿ ಕಟ್ಟಿದ ಸ್ಕ್ರೂ ಸ್ವಲ್ಪ ಸಡಿಲಾದರೂ ಅಷ್ಟು ಕರೆಂಟಿಗೆ ಅದು ಕಾದು ಕರಗುತ್ತದೆ.

ಹೊಸದು ಕೂರಿಸುತ್ತಿದ್ದರೆ ಪಕ್ಕದಲ್ಲಿ ನಿಂತು ನೋಡಿ

ನಮ್ಮ ತೊಂದರೆ ಹುಟ್ಟಿದ್ದು ಕೂರಿಸಿದ ದಿನವೇ. ಆ ದಿನ ನಾನು ಆಫೀಸಿನಲ್ಲಿದ್ದೆ. ನೀವು ರಜೆ ಹಾಕಿ.

ಅಟ್ಟದಲ್ಲಿ ಪೆಟ್ಟಿಗೆಯನ್ನು ಮಲಗಿಸಿ ಇಡುತ್ತಾರೆ. ಎಡಕ್ಕೆ ಮಲಗಿಸುತ್ತಾರೋ ಬಲಕ್ಕೋ ಅನ್ನುವುದರ ಮೇಲೆ ಒಳಗಿನ ನೀರಿನ ತಟ್ಟೆಯ ಜಾಗ ಬದಲಾಗಬೇಕು, ಬಳಸದ ತೂತುಗಳಿಗೆ ಬಿರಡೆ ಹಾಕಬೇಕು. ಇದನ್ನು ಕೈಪಿಡಿ ತೆರೆದು ತೋರಿಸಲು ಹೇಳಿ. ಪೆಟ್ಟಿಗೆಯ ಕೆಳಗಿನ ಹೊರತಟ್ಟೆ ಕನಿಷ್ಠ ಒಂದೂವರೆ ಇಂಚು ಆಳ, ಉದ್ದ ಅಗಲ ಎರಡರಲ್ಲೂ ಪೆಟ್ಟಿಗೆಗಿಂತ ಮೂರು ಇಂಚು ದೊಡ್ಡದು ಇರಬೇಕು. ಡ್ರೈನ್ ಪೈಪ್ ಪ್ರತಿ ಅಡಿಗೆ ಎಂಟನೇ ಒಂದು ಇಂಚಾದರೂ ಇಳಿಯಬೇಕು, ನಡುವೆ ಜೋತುಬೀಳಬಾರದು. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಟ್ರ್ಯಾಪ್, ಮುಚ್ಚಳ ಇರುವ ಟಿ, ಫ್ಲೋಟ್ ಸ್ವಿಚ್, ಮೂರನ್ನೂ ಕಣ್ಣಾರೆ ನೋಡಿ. ಹೋಗುವ ಮುಂಚೆ ಒಳಗಿನ ತಟ್ಟೆಗೆ ಒಂದು ಬಕೆಟ್ ನೀರು ಹಾಕಿಸಿ. ಬ್ಲೋವರ್ ಓಡುತ್ತಿರುವಾಗಲೇ ಹಾಕಬೇಕು. ನಿಂತಾಗ ಹಾಕಿದರೆ ನಮ್ಮಂಥ ದೋಷ ಕಾಣುವುದೇ ಇಲ್ಲ.

ರಿಪೇರಿಗೆ ಕೂರಲು ಮೆಷಿನ್ ಮುಂದೆ 30 ಇಂಚು ಉದ್ದ, 30 ಇಂಚು ಅಗಲದ ಸಮತಟ್ಟು ಜಾಗ, ಒಂದು ದೀಪ, ಒಂದು ಪ್ಲಗ್ ಇರಬೇಕು ಅನ್ನುತ್ತದೆ ಇಲ್ಲಿನ ಕಟ್ಟಡ ನಿಯಮ. ಇದು ಬರೀ ಅನುಕೂಲದ ಮಾತಲ್ಲ. ಜಾಗ ಇಲ್ಲದಿದ್ದರೆ ಬಂದವರು ಇಣುಕಿ ನೋಡಿ ಊಹೆ ಹೇಳಿ ಹೋಗುತ್ತಾರೆ.

2025ರ ಜನವರಿ 1ರಿಂದ ಅಮೆರಿಕದಲ್ಲಿ ಆರ್-410ಎ ಗ್ಯಾಸಿನ ಹೊಸ ಮನೆ ಎಸಿಗಳ ತಯಾರಿಕೆ ನಿಂತಿದೆ. ಈಗ ಬರುವುದು ಆರ್-454ಬಿ ಅಥವಾ ಆರ್-32. ಇವು ಸ್ವಲ್ಪ ಹೊತ್ತಿಕೊಳ್ಳಬಲ್ಲ ಗ್ಯಾಸ್‌ಗಳು. ಅದಕ್ಕೇ ಹೊಸ ಏರ್ ಹ್ಯಾಂಡ್ಲರ್‌ಗಳಲ್ಲಿ ಸೋರಿಕೆ ಹಿಡಿಯುವ ಸೆನ್ಸರ್ ಇರುತ್ತದೆ. ಸೋರಿದರೆ ಕಂಪ್ರೆಸರ್ ನಿಂತು ಬ್ಲೋವರ್ ಓಡುತ್ತಲೇ ಇರುತ್ತದೆ. ಹೊಸ ಮೆಷಿನ್‌ನಲ್ಲಿ ಈ ಲಕ್ಷಣ ಕಂಡರೆ ಕಿಟಕಿ ತೆಗೆದು, ಒಲೆ ದೀಪ ಹಚ್ಚದೆ, ಕಂಪನಿಯವರನ್ನು ಕರೆಸಿ. ಸೆನ್ಸರ್ ತಂತಿ ಕೀಳುವುದು ಫ್ಲೋಟ್ ತಂತಿ ಸುತ್ತುವುದಕ್ಕಿಂತ ದೊಡ್ಡ ತಪ್ಪು. ಹಳೆ ಗ್ಯಾಸಿನ ಒಳಪೆಟ್ಟಿಗೆಗೆ ಹೊಸ ಗ್ಯಾಸಿನ ಹೊರಯೂನಿಟ್ ಜೋಡಿಸುತ್ತೇನೆ ಅಂದರೆ ಒಪ್ಪಬೇಡಿ.

ಬೆಂಗಳೂರಿನ ವಿಲ್ಲಾಗಳಲ್ಲಿ ಫಾಲ್ಸ್ ಸೀಲಿಂಗ್ ಒಳಗೆ ಡಕ್ಟ್ ಎಸಿ ಇಟ್ಟವರಿಗೆ ವೋಲ್ಟೇಜ್ ಬೇರೆ, 230. ಆದರೆ ಅಲ್ಲೂ ಬ್ಲೋವರ್ ಕಾಯಿಲ್ ಮೂಲಕ ಎಳೆಯುವ ಬಗೆಯದಾಗಿ, ನೀರು ಪಂಪ್ ಇಲ್ಲದೆ ಇಳಿಯುತ್ತಿದ್ದರೆ ಟ್ರ್ಯಾಪ್ ಬೇಕೇ ಬೇಕು.

ರಿಪೇರಿಯವರಿಗೆ ಫೋನ್ ಮಾಡುವ ಮುಂಚೆ ಒಂದು ಚೀಟಿಯಲ್ಲಿ ಇಷ್ಟು ಬರೆದಿಡಿ: ಎಷ್ಟು ಗಂಟೆಗೆ ನಿಂತಿತು, ತಾನೇ ಬಂತಾ, ಎಷ್ಟು ಹೊತ್ತಿಗೆ, ಆಗ ಪರದೆ ಹೇಗಿತ್ತು, ಹೊರಗಿನ ಯೂನಿಟ್ ಓಡುತ್ತಿತ್ತಾ, ತಟ್ಟೆಯಲ್ಲಿ ನೀರಿತ್ತಾ, ಫಿಲ್ಟರ್ ಯಾವುದು, ಯಾವಾಗ ಬದಲಾಯಿಸಿದ್ದು. ನಾಲ್ಕನೆಯವರಿಗೆ ನಾನು ಕೊಟ್ಟದ್ದು ಅಂಥದೊಂದು ಚೀಟಿ. ಅದನ್ನು ಓದಿ ಅವರು ಥರ್ಮೋಸ್ಟಾಟ್ ಕಡೆ ನೋಡಲೇ ಇಲ್ಲ. ಸೀದಾ ಅಟ್ಟ ಹತ್ತಿ ಪೈಪಿನ ಮೇಲೆ ಟಾರ್ಚ್ ಬಿಟ್ಟರು.